ಹೊಸ ಹಾಡು ಕೇಳಿಸದ ಬೇಸಿಗೆ

ಹೋದ ವಾರ ಮಂಚಿಕೇರಿಗೆ ತೊಟ್ಟಿಲ ಶಾಸ್ತ್ರದ ಊಟಕ್ಕೆ ಹೋಗಿದ್ದೆ. ಅಂಗಳಕ್ಕೆ ಹಸಿ ತೆಂಗಿನ ಗರಿಯ ಚಪ್ಪರ ಹಾಕಿದ್ದರು. ಹೆಣೆದ ಗರಿ ಬಿಸಿಲಿಗೆ ಬಾಡತೊಡಗಿದಾಗ ಒಂದು ವಾಸನೆ ಬರುತ್ತದೆ. ಹುಲ್ಲಿನದೂ ಅಲ್ಲ, ಎಳನೀರಿನದೂ ಅಲ್ಲ, ಎರಡರ ನಡುವಿನದು. ಆ ವಾಸನೆಯ ಅಡಿಯಲ್ಲೇ ದುಡಿದು ಅನ್ನ ತಿಂದವನು ನಾನು. ಮೊದಲೆಲ್ಲ ಅದು ಮೂಗಿಗೆ ಬಂತೆಂದರೆ ಕೈ ತಾನಾಗಿ ವಯರು ಹುಡುಕುತ್ತಿತ್ತು, ಎದೆ ಹಿಗ್ಗುತ್ತಿತ್ತು. ಅವತ್ತು ಮಾತ್ರ ಕೈ ಏನನ್ನೂ ಹುಡುಕಲಿಲ್ಲ. ಕೂಸು ಬೆಣ್ಣೆಮುದ್ದೆಯ ಹಾಗಿತ್ತು, ಎತ್ತಿಕೊಂಡೆ, ಕೆನ್ನೆ ಮುಟ್ಟಿದೆ, ಎಲ್ಲರ ಹತ್ತಿರವೂ ನಕ್ಕು ಮಾತಾಡಿದೆ. ಎಲೆಯ ಮುಂದೆ ಕೂತರೆ ತುತ್ತು ಇಳಿಯಲಿಲ್ಲ. ಹೋದ ಬೇಸಿಗೆಯಲ್ಲಿ ಇದೇ ಅಂಗಳದಲ್ಲಿ, ಈ ಕೂಸಿನ ಅಪ್ಪ ಅಮ್ಮನ ಮದುವೆಯ ಚಪ್ಪರದ ಕೆಳಗೆ, ಹೊಸ ಹಾಡು ಎನ್ನುವುದು ನನ್ನ ಕೈಬಿಟ್ಟು ಹೋಯಿತು.

ನಾನು ಸಿದ್ದಾಪುರದವನು, ಹೆಸರು ಗೋವಿಂದ ನಾಯ್ಕ, ಮೈಕ್ ಸೆಟ್ ಬಾಡಿಗೆಗೆ ಕೊಡುವುದು ಕಸುಬು. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟೆ. ಮಾಸ್ತರರು ಹೊಡೆದರು ಅಂತಲ್ಲ. ಪೇಟೆಯಲ್ಲಿ ಸೈಕಲ್ ಅಂಗಡಿಯ ಹಿಂದೆ ಒಬ್ಬರು ಮೈಕಿನ ಪೆಟ್ಟಿಗೆ ರಿಪೇರಿ ಮಾಡುತ್ತಿದ್ದರು, ಅವರ ಹತ್ತಿರ ಕೂತರೆ ಇಡೀ ದಿನ ಹಾಡು ಕೇಳಬಹುದಿತ್ತು, ಅದಕ್ಕೆ. ಆಮೇಲೆ ಬ್ಯಾಟರಿ ತಲೆಯ ಮೇಲೆ ಹೊತ್ತು, ಹಾರ್ನು ಹೆಗಲಿಗೆ ಕಟ್ಟಿಕೊಂಡು ಹೆಗ್ಗರಣೆ ಕಡೆಯ ಇಳಿಜಾರುಗಳನ್ನೆಲ್ಲ ಹತ್ತಿ ಇಳಿದೆ. ಹಾಡಿನ ತಟ್ಟೆ ಹೋಗಿ ಕ್ಯಾಸೆಟ್ಟು ಬಂತು, ಕ್ಯಾಸೆಟ್ಟು ಹೋಗಿ ಸೀಡಿ ಬಂತು, ಸೀಡಿ ಹೋಗಿ ಬೆರಳಿನಷ್ಟು ದೊಡ್ಡ ಪೆನ್‌ಡ್ರೈವ್ ಬಂತು, ಈಗ ಅದೂ ಇಲ್ಲ, ಎಲ್ಲ ಮೊಬೈಲಿನಲ್ಲೇ. ಯಾವುದು ಬಂದರೂ ನನಗೆ ಹಬ್ಬವೇ ಆಗಿತ್ತು. ಹೊಸ ಹಾಡನ್ನು ಮೊದಲ ಸಲ ಕೇಳುವುದು ಅಂದರೆ ಗೊತ್ತಿಲ್ಲದ ಘಟ್ಟದ ರಸ್ತೆಯಲ್ಲಿ ಬಸ್ಸಿನ ಮುಂದಿನ ಸೀಟಿನಲ್ಲಿ ಕೂತ ಹಾಗೆ. ಎಲ್ಲಿ ತಿರುಗುತ್ತದೆ, ಎಲ್ಲಿ ಇಳಿಯುತ್ತದೆ, ಯಾವ ತಿರುವಿನಾಚೆ ಕಣಿವೆ ಬಾಯಿ ಬಿಡುತ್ತದೆ, ಒಂದೂ ತಿಳಿಯದು. ಆ ತಿಳಿಯದ ಸುಖ ಇನ್ನಾವುದರಲ್ಲೂ ಇಲ್ಲ ಸ್ವಾಮಿ. ನನ್ನ ವಾರಗೆಯವರೆಲ್ಲ ನಲವತ್ತು ದಾಟಿದ್ದೇ ಹಳೆಯ ಹಾಡಿನ ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡರು. ನಾನು ಹೊರಗೇ ಉಳಿದೆ. ತಲೆ ಹಣ್ಣಾದ ಮೇಲೂ ಹುಡುಗರು ಮಾತನ್ನೇ ತಾಳಕ್ಕೆ ಕೂಡಿಸಿ ಪಟಪಟ ಹೇಳುವ ಹಾಡು ಕೇಳಿ ಕೂತಲ್ಲೇ ಕುಣಿದವನು ನಾನು.

ನಮ್ಮ ಮೈಕ್ ಸೆಟ್ಟಿಗೆ ಒಂದು ಪದ್ಧತಿ ಇತ್ತು. ಮದುವೆಯ ಹಿಂದಿನ ದಿನ ಚಪ್ಪರ ಎದ್ದ ಮೇಲೆ ಹೆಂಗಸರು ಸಾಲಾಗಿ ಮೆಟ್ಟುಗತ್ತಿ ಹಾಕಿಕೊಂಡು ನಾಳೆಯ ಅಡುಗೆಗೆ ತರಕಾರಿ ಹೆಚ್ಚಲು ಕೂರುತ್ತಾರಲ್ಲ, ಆ ಹೊತ್ತಿಗೆ ಮೊದಲು ದೇವರದೊಂದು ಹಾಡು ಹಾಕುವುದು. ಅದರ ಬೆನ್ನಿಗೇ ಆ ಊರಲ್ಲಿ ಯಾರೂ ಕೇಳಿರದ ಒಂದು ಹೊಸ ಹಾಡು. ಹಾಕಿ ನಾನು ಮೂಲೆಯಲ್ಲಿ ನಿಂತು ಕೈಗಳನ್ನು ನೋಡುತ್ತಿದ್ದೆ. ಹೆಂಗಸರು ಹಾಡಿಗೆ ತಲೆದೂಗುವುದಿಲ್ಲ, ಮಾತು ನಿಲ್ಲಿಸುವುದಿಲ್ಲ. ಆದರೆ ಹಾಡು ಒಳಗೆ ಇಳಿಯಿತೆಂದರೆ ಸೌತೆಕಾಯಿ ಹಿಡಿದ ಕೈ ಕತ್ತಿಯ ಮೇಲೆ ಅರೆಕ್ಷಣ ನಿಲ್ಲುತ್ತದೆ. ಕೈ ನಿಂತರೆ ಹಾಡು ಗೆದ್ದಿತು. ನಿಲ್ಲದಿದ್ದರೆ ಅದು ಪೆಟ್ಟಿಗೆಯ ತಳಕ್ಕೆ. ನನ್ನ ಈ ಪರೀಕ್ಷೆ ಯಾವತ್ತೂ ತಪ್ಪಿದ್ದಿಲ್ಲ.

ಇನ್ನು ಚೈತ್ರಾಳ ಮಾತು ಹೇಳಬೇಕು. ನನ್ನ ಮಗನ ಮಗಳು. ಅವಳ ಬಗ್ಗೆ ಹೇಳಲು ಕೂತರೆ ಮುಗಿಯುವುದಿಲ್ಲ, ನನ್ನ ಹೆಂಡತಿ ಗಿರಿಜೆ ಹೇಳುವ ಹಾಗೆ ಮೊಮ್ಮಗಳ ಮಾತು ಬಂದರೆ ನನ್ನ ಬಾಯಿಗೆ ಸ್ವಿಚ್ಚೇ ಇಲ್ಲ. ಸಿರಸಿಯ ಕಾಲೇಜಿಗೆ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಸಂಜೆ ಚೀಲ ಮೂಲೆಗೆ ಎಸೆದವಳೇ, "ಅಜ್ಜ, ಕೇಳು ಬಾ, ಹೊಸಾದು ಬಂದದೆ" ಅನ್ನುತ್ತಿದ್ದಳು. ಕಿವಿಗೆ ಸಿಕ್ಕಿಸುವ ವಯರಿನ ಒಂದು ತುದಿ ಅವಳಿಗೆ, ಒಂದು ನನಗೆ. ಯಾವ ದೇಶದ ಹಾಡೋ, ಯಾವ ಭಾಷೆಯೋ, ದೇವರಿಗೇ ಗೊತ್ತು. ಹಾಡು ಮುಗಿಯುವವರೆಗೂ ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಹುಬ್ಬು ಏರಿಸಿದರೆ ಅವಳೂ ಏರಿಸುತ್ತಿದ್ದಳು.

"ಹ್ಯಾಂಗೆ ಅಜ್ಜ?"

"ನಡುವೆ ಒಂದು ಕಡೆ ಸುಮ್ನಾಗ್ತದಲ್ಲೇ, ಅದೇ ಹಾಡು. ಉಳಿದದ್ದೆಲ್ಲ ಅದಕ್ಕೆ ದಾರಿ."

"ಕಾಲೇಜಲ್ಲಿ ಒಬ್ರಿಗೂ ಅದು ತಿಳೀಲಿಲ್ಲ ನೋಡು!" ಅಂತ ಬೆನ್ನಿಗೆ ಗುದ್ದುತ್ತಿದ್ದಳು. ಆ ಗುದ್ದಿನಲ್ಲಿದ್ದ ಸಂತೋಷ! ಒಬ್ಬ ಮುದುಕನಿಗೆ ಈ ಲೋಕದಲ್ಲಿ ಇನ್ನೇನು ಬೇಕು ಹೇಳಿ.

ಆ ಮದುವೆಯ ಹಿಂದಿನ ಚಳಿಗಾಲದಲ್ಲಿ ಅವಳು ತಾನೇ ಒಂದು ಹಾಡು ಕಟ್ಟಿದಳು. ಮಾತೂ ಅವಳದೇ, ಧಾಟಿಯೂ ಅವಳದೇ. ಯಾರಿಗೂ ಕೇಳಿಸಿರಲಿಲ್ಲ, ನನಗೂ ಇಲ್ಲ. ಕಾಲೇಜಿನ ಗೆಳತಿ ಸುಮಾ, ಈ ಕೂಸಿನ ಅಮ್ಮ, ಅವಳ ಮದುವೆ ಮಂಚಿಕೇರಿಯಲ್ಲಿ ಅಂತ ಗೊತ್ತಾದ ಮೇಲೆ ಒಂದು ದಿನ ಬಂದು ಹೇಳಿದಳು, "ಅಜ್ಜ, ಚಪ್ಪರದ ದಿನ ನಿನ್ನ ಹೊಸ ಹಾಡಿನ ಜಾಗ ಉಂಟಲ್ಲ, ಈ ಸಲ ಅದು ನಂಗೆ ಬೇಕು. ನಾ ಹಾಡ್ತೆ. ನೀ ಕೈ ನೋಡು."

ನಾನು ಆ ದಿನ ಬೀದಿಯಲ್ಲಿ ಸಿಕ್ಕವರಿಗೆಲ್ಲ ಹೇಳಿದೆ. ಹಾಲಿನವನಿಗೂ ಹೇಳಿದೆ.

ಯುಗಾದಿ ಕಳೆದದ್ದೇ ಮದುವೆ ಕಾಲ ಶುರುವಾಯಿತು. ಹೋದ ವರ್ಷದ ಬಿಸಿಲು ಬಿಸಿಲಾಗಿರಲಿಲ್ಲ, ಮೈಮೇಲೆ ಬಿದ್ದ ಕಾದ ತಗಡಾಗಿತ್ತು. ರಸ್ತೆಯ ಕೆಂಪು ಧೂಳು ಗಿಡಗಳ ಮೇಲೆ ಕೂತು ಎಲೆಯ ಬಣ್ಣವೇ ಬೇರೆಯಾಗಿತ್ತು. ಮಧ್ಯಾಹ್ನದ ಮೇಲೆ ಮೋಡ ಕಟ್ಟಿ, ಗುಡುಗಿ, ಒಂದು ಹನಿಯೂ ಬೀಳದೆ ಚದುರಿ ಹೋಗುತ್ತಿತ್ತು. ಹೋದ ಮನೆಯಲ್ಲೆಲ್ಲ ಮುರುಗಲು ಹಣ್ಣಿನ ಪಾನಕ ಕೊಡುತ್ತಿದ್ದರು, ಅದರ ಕೆಂಪು ಕಲೆ ನನ್ನ ಅಂಗಿಯ ಮೇಲೆ ಆ ಬೇಸಿಗೆ ಪೂರ್ತಿ ಇತ್ತು.

ಮೊದಲ ಸೂಚನೆ ಬಂದದ್ದು ಚಂದಗುಳಿ ಹತ್ತಿರದ ಒಂದು ಉಪನಯನದಲ್ಲಿ. ಹೊಸದೊಂದು ಹಾಡು ಹಾಕಿದೆ. ಅದು ಹಾಡಿನ ಹಾಗೆ ಬರಲಿಲ್ಲ. ದುಬ್ ದುಬ್ ಅಂತ ಕೆಳಗಿನ ಸದ್ದು ಬರುತ್ತಿತ್ತು, ಅದರ ಮೇಲೆ ಏನೋ ಮರಳು ಜರಡಿ ಹಿಡಿದ ಹಾಗೆ. ಹೆಣ್ಣಿನ ದನಿಯೋ ಗಂಡಿನ ದನಿಯೋ ತಿಳಿಯಲಿಲ್ಲ. ಬಾಕ್ಸಿನೊಳಗೆ ಸಣ್ಣ ದನಿ ಹೊರಡಿಸುವ ಪುಟ್ಟ ಸ್ಪೀಕರು ಇರುತ್ತದೆ, ಟ್ವೀಟರ್ ಅಂತ. ಅದು ಸುಟ್ಟಿದೆ ಅಂದುಕೊಂಡೆ. ಮರುದಿನ ಸಿರಸಿಗೆ ಹೋಗಿ ಹೊಸದು ತಂದು ಹಾಕಿದೆ. ಆಗಲೂ ಅಷ್ಟೇ. ವಯರು ಬದಲಿಸಿದೆ. ಆಂಪ್ಲಿಫೈಯರ್ ಬಿಚ್ಚಿ ಧೂಳು ಊದಿದೆ. ನಡುವೆ ಒಂದು ಹಳೆಯ ಹಾಡು ಹಾಕಿ ನೋಡಿದರೆ, ಆಹಾ, ಗಾಜಿನ ಹಾಗೆ ಚೊಕ್ಕ! ಅಂದ ಮೇಲೆ ಬಾಕ್ಸು ಸರಿ ಇದೆ. ಕೆಟ್ಟದ್ದು ಹೊಸ ಹಾಡುಗಳು.

ನನ್ನ ವಾರಗೆಯವರು ಹೋಗಿ ಕೂತ ಜಾಗಕ್ಕೇ ನಾನೂ ಬಂದು ನಿಂತಿದ್ದೆ. ನನಗೇ ಗೊತ್ತಾಗಲಿಲ್ಲ.

ಒಂದು ಸಂಜೆ ಚೈತ್ರಾ ಎಂದಿನಂತೆ ವಯರು ತಂದು ನನ್ನ ಕಿವಿಗೆ ಸಿಕ್ಕಿಸಿದಳು. ಹಾಡು ಮುಗಿಯುವ ಮೊದಲೇ ನಾನು ಅದನ್ನು ತೆಗೆದೆ. "ಈಗಿನ ಹಾಡೆಲ್ಲ ಒಂದೇ ಥರ ಆತಲ್ಲೇ. ಬರೀ ಗದ್ದಲ" ಅಂದೆ.

ಅವಳು ನನ್ನನ್ನು ನೋಡಿದ ಬಗೆ ಇನ್ನೂ ಕಣ್ಣಿಗೆ ಕಟ್ಟಿದೆ. ಬೈದಿದ್ದರೆ ಚೆನ್ನಾಗಿತ್ತು. "ನೀನೂ ಹಂಗೇ ಅಂದ್ಯಲ್ಲ ಅಜ್ಜ" ಅಂದಳು, ಅಷ್ಟೇ. ವಯರು ಸುತ್ತಿ ಒಳಗೆ ಹೋದಳು. ಅಡುಗೆಮನೆಯಿಂದ ಗಿರಿಜೆ, "ಅಂತೂ ಇವ್ರಿಗೂ ವಯಸ್ಸಾತು ನೋಡು" ಅಂತ ನಕ್ಕಳು. ನಾನೂ ನಕ್ಕೆ. ಒಳಗೆ ಮಾತ್ರ ತಣ್ಣಗಾಯಿತು.

ಮಂಚಿಕೇರಿಯ ಚಪ್ಪರದ ದಿನ ಬಂತು. ಬೆಳಗಿನಿಂದಲೇ ನಾನು ಚಪ್ಪರದ ಕಂಬ ಕಂಬ ಸುತ್ತಿ ಬಾಕ್ಸುಗಳನ್ನು ಇಟ್ಟೆ. ಒಂದು ಬಾಕ್ಸನ್ನು ಮಾತ್ರ ಚೈತ್ರಾ ನಿಲ್ಲುವ ಕಡೆಗೆ ಮುಖ ಮಾಡಿ ಇಟ್ಟೆ, ಅವಳಿಗೆ ಅವಳ ದನಿ ಕೇಳಲಿ ಅಂತ. ದೇವರ ಹಾಡು ಹಾಕಿದೆ. ಹೆಂಗಸರು ಸಾಲು ಹಿಡಿದು ಕೂತು ಕುಂಬಳ, ಸೌತೆ, ಬೀನ್ಸು ಹೆಚ್ಚುತ್ತಿದ್ದರು. ಸುಮಾಳ ಸೋದರಮಾವ, ದೊಡ್ಡ ದನಿಯ ಮನುಷ್ಯ, "ನಾಯ್ಕ್ರೆ, ನಿಮ್ಮ ಹೊಸ ಹಾಡು ಯಾವಾಗ? ನಮ್ಮ ಹೆಂಗಸ್ರು ಅದಕ್ಕೇ ಕಾಯ್ತಾ ಕುಂತವ್ರೆ" ಅಂದರು.

"ಇವತ್ತಿಂದು ಅಂಗಡೀಲಿ ಸಿಗೂದಲ್ಲ ಭಾವ, ಮನೇಲಿ ಬೆಳೆದದ್ದು" ಅಂದೆ. ಎದೆ ಉಬ್ಬಿ ಅಂಗಿಯ ಗುಂಡಿ ಕಿತ್ತು ಬರುವುದೊಂದು ಬಾಕಿ.

ಚೈತ್ರಾ ಮೈಕಿನ ಮುಂದೆ ಬಂದಳು. ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಿದ್ದಳು. ನನ್ನನ್ನು ನೋಡಿ ಕಣ್ಣು ಮುಚ್ಚಿ ತೆರೆದಳು. ಹಾಡತೊಡಗಿದಳು.

ನನಗೆ ಬಂದದ್ದು ಮತ್ತೆ ಅದೇ. ಕೆಳಗೊಂದು ಗುಂಯ್ ಅನ್ನುವ ಸದ್ದು, ಮೇಲೆ ಮರಳು. ಅಯ್ಯೋ, ಮಗುವಿನ ಹಾಡು ಮಂಕಾಗಿ ಹೋಗುತ್ತಿದೆಯಲ್ಲ ಅಂತ ಸಣ್ಣ ದನಿ ಏರಿಸುವ ಗುಂಡಿಯನ್ನು, ನಾವು ಟ್ರೆಬಲ್ ಅನ್ನುತ್ತೇವೆ, ಸ್ವಲ್ಪ ತಿರುಗಿಸಿದೆ. ಸಾಲಲಿಲ್ಲ. ಇನ್ನೂ ತಿರುಗಿಸಿದೆ. ಆಗ ನೋಡಿದೆ, ಕೈಗಳು ನಿಂತವು. ಒಬ್ಬಿಬ್ಬರದಲ್ಲ, ಸಾಲಿಗೆ ಸಾಲೇ ನಿಂತಿತು! ಕುಂಬಳದ ಹೋಳು ಹಿಡಿದ ಕೈ, ಬೀನ್ಸು ಹಿಡಿದ ಕೈ, ಎಲ್ಲ ಮೆಟ್ಟುಗತ್ತಿಯ ಮೇಲೆ ಹಾಗೇ. ನನ್ನ ಜೀವಮಾನದಲ್ಲಿ ಯಾವ ಹಾಡಿಗೂ ಹಾಗೆ ನಿಂತದ್ದಿಲ್ಲ. ಗೆದ್ದೆಯಲ್ಲೇ ಚೈತ್ರಾ, ಗೆದ್ದುಬಿಟ್ಟೆ! ನಾನು ಹಲ್ಲು ಬಿಟ್ಟು ನಗುತ್ತ ಗುಂಡಿಯನ್ನು ಕೊನೆಯ ತನಕ ತಿರುಗಿಸಿದೆ.

ಹೆಂಗಸರು ಕತ್ತಿ ಬಿಟ್ಟು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡರು. ಒಂದು ಮಗು ಬಾಯಿ ಅಗಲಿಸಿ ಅಳುತ್ತಿತ್ತು. ಚೈತ್ರಾಳ ಬಾಯಿ ಮುಚ್ಚಿತ್ತು, ಯಾವಾಗ ನಿಲ್ಲಿಸಿದಳೋ ನನಗೆ ತಿಳಿಯಲೇ ಇಲ್ಲ. ಸೋದರಮಾವ ಓಡಿಬಂದು ಪ್ಲಗ್ ಕಿತ್ತು ಎಸೆದರು.

"ಎಂಥಾ ಕೂಗು ನಾಯ್ಕ್ರೆ! ಹಲ್ಲು ಜುಮ್ಮೆಂದು ಹೋತು!"

"ಯಾವ ಕೂಗು?" ಅಂದೆ.

ಚಪ್ಪರದ ಕೆಳಗೆ ಎಲ್ಲರೂ ನನ್ನನ್ನೇ ನೋಡಿದರು. ಬಾಕ್ಸಿನ ದನಿಯನ್ನು ಮೈಕು ಮತ್ತೆ ಹೀರಿಕೊಂಡರೆ ಮೈಕು ಕೂಗುತ್ತದೆ, ಸಿಳ್ಳೆಗಿಂತ ಹರಿತವಾಗಿ. ಇದನ್ನು ಮೊದಲ ದಿನದ ಕಲಿಕೆಯವನೂ ಬಲ್ಲ. ಅಂಥ ಕೂಗು ಅಷ್ಟು ಹೊತ್ತೂ ಕೂಗಿದೆ, ಹಂದರದ ಗರಿ ಅದುರುವಷ್ಟು ಕೂಗಿದೆ, ನಾನು ಅದರ ಪಕ್ಕದಲ್ಲಿ ನಗುತ್ತ ನಿಂತಿದ್ದೇನೆ.

ಚೈತ್ರಾ ಹತ್ತಿರ ಬಂದಳು. ಸಿಟ್ಟಿಲ್ಲ ಮುಖದಲ್ಲಿ. ಹೆದರಿಕೆ ಇತ್ತು. "ಅಜ್ಜ, ನಿಂಗೆ ಕೇಳ್ಲೇ ಇಲ್ವಾ?"

"ಮತ್ತೊಂದು ಸಲ ಹಾಡೇ, ನಾ ಸರಿ ಮಾಡ್ತೆ."

"ಬೇಡ ಅಜ್ಜ. ಸಾಕು." ಅವಳು ಒಳಗೆ ಹೋಗಿ ಕಾಯಿ ತುರಿಯಲು ಕೂತಳು. ಕೈಗಳು ಮತ್ತೆ ಹೆಚ್ಚತೊಡಗಿದವು, ಮಾತು ಎದ್ದಿತು, ಮರುದಿನ ಮದುವೆ ಚೆನ್ನಾಗಿಯೇ ಆಯಿತು. ಆ ಹಾಡನ್ನು ಮತ್ತೆ ಯಾರೂ ಕೇಳಲಿಲ್ಲ.

ವಾಪಸು ಬರುವಾಗ ಟೆಂಪೋದಲ್ಲಿ ಅವಳು ನನ್ನ ತೋಳಿಗೆ ತಲೆ ಆನಿಸಿ ನಿದ್ದೆ ಹೋದಳು. ನಾನು ಕಿವಿಯ ಹತ್ತಿರ ಕೈ ತಂದು ಬೆರಳಿಗೆ ಬೆರಳು ತಿಕ್ಕಿ ನೋಡಿದೆ. ಆ ಕಿವಿ, ಈ ಕಿವಿ. ಎರಡರಲ್ಲೂ ಏನೂ ಇಲ್ಲ.

ಗಣಪತಿ ಹೆಗಡೆ ಅಂತ ನನ್ನ ಗೆಳೆಯ, ನಾಲ್ಕನೇ ಇಯತ್ತೆಯವರೆಗೆ ಒಂದೇ ಮಣೆಯ ಮೇಲೆ ಕೂತವರು ನಾವು. ಅವನು ಮನೆಮಾತನ್ನು ನನ್ನ ಹತ್ತಿರವೂ ಬಿಡುವುದಿಲ್ಲ. ಸುದ್ದಿ ಕೇಳಿದವನೇ ಬಂದು, "ಏ ಗೋವಿಂದ, ನಾಳೆ ಸಿರಸಿಗೆ ಹೋಪನ. ಆನೂ ನಿನ್ನ ಜತೆಗೆ ಬತ್ತೆ. ಕಿವಿ ಡಾಕ್ಟ್ರಿಗೆ ತೋರ್ಸದು" ಅಂದ. ಬಸ್ಸಿನಲ್ಲಿ ದಾರಿಯುದ್ದ ನನ್ನನ್ನು ನಗಿಸಲು ನೋಡಿದ. "ನಿಂಗೆ ಕೇಳದ್ದೇ ಚಲೋ ಮಾರಾಯಾ. ಹೆಂಡ್ತಿ ಬೈದದ್ದೂ ಕೇಳ್ತಿಲ್ಲೆ ಅಲ್ದಾ?"

"ಅದೊಂದು ಸ್ಪಷ್ಟ ಕೇಳ್ತದೆ ಹೆಗಡೆ" ಅಂದೆ. ನಿಜವಾಗಿಯೂ ಎದುರು ಕೂತವರ ಮಾತು ಕೇಳುತ್ತಿತ್ತು. ಅದಕ್ಕೇ ಇಷ್ಟು ದಿನ ಯಾರಿಗೂ ಗೊತ್ತಾಗಿರಲಿಲ್ಲ.

ಡಾಕ್ಟರು ಹಾವೇರಿ ಕಡೆಯವರು, ಒಳ್ಳೆಯ ಮನುಷ್ಯ. ಗಾಜಿನ ಕೋಣೆಯಲ್ಲಿ ಕೂರಿಸಿ, ಸದ್ದು ಕೇಳಿದಾಗ ಕೈ ಎತ್ತಿ ಅಂದರು. ಎತ್ತಿದೆ, ಎತ್ತಿದೆ, ಆಮೇಲೆ ಕೈ ಮಡಿಲಲ್ಲೇ ಉಳಿಯಿತು. ಬಹಳ ಹೊತ್ತು ಉಳಿಯಿತು. ಗಾಜಿನಾಚೆ ಗಣಪತಿ ಮುಖ ಸಣ್ಣ ಮಾಡಿಕೊಂಡದ್ದು ಕಂಡಿತು. ಕೊನೆಕೊನೆಗೆ ಜೋರು ಮಾಡಿದ ಸದ್ದು ಹೊರಗಿದ್ದ ಅವನಿಗೂ ಕೇಳಿತ್ತಂತೆ.

"ಕುಂದರ್ರಿ ಅಜ್ಜಾರ" ಅಂದರು ಡಾಕ್ಟರು. "ದಪ್ಪ ದನಿ ಅದಾವ್ರಿ ನಿಮ್ಮ ಕಿವ್ಯಾಗ. ಸಣ್ಣ ದನಿ ಹೋಗ್ಯಾವ. ಅಷ್ಟು ಸಪ್ಪಳದ ಬಾಜೂಕ ಜಲ್ಮೆಲ್ಲ ನಿಂತೀರಿ, ವಯಸ್ಸೂ ಕೂಡಿ ಬಂತು."

"ಆದರೆ ಡಾಕ್ಟ್ರೆ, ಹಳೇ ಹಾಡು ಚೊಕ್ಕ ಕೇಳ್ತದೆ. ಒಂದು ಎಳೆ ಬಿಡದ ಹಾಗೆ."

ಅವರು ಕೈಯಲ್ಲಿದ್ದ ಚೀಟಿಯನ್ನು ಮೇಜಿನ ಮೇಲಿಟ್ಟರು. "ಅದು ಕಿವಿಗೆ ಕೇಳೂದಲ್ರಿ. ಮೊದಲ ಗೊತ್ತಿರೂದನ್ನ ತಲಿ ತುಂಬ್ಕೊಂತದ. ಎಲ್ಲೆಲ್ಲಿ ತೂತು ಬಿದ್ದದ ಅಲ್ಲಲ್ಲಿ ನೆನಪು ಹಾಕಿ ಹೊಲೀತದ. ಹೊಸಾ ಹಾಡಿಗೆ ತಲ್ಯಾಗ ಏನಿರ್ತದ್ರಿ ತುಂಬಾಕ?"

ಕಾಲು ಹೋಗಿದೆ ಅಂದಿದ್ದರೆ ಕೋಲು ಹಿಡಿಯುತ್ತಿದ್ದೆ. ಕಣ್ಣು ಹೋಗಿದ್ದರೆ ಹಾಡಾದರೂ ಇರುತ್ತಿತ್ತು. ಹೋದದ್ದು ಬರೀ ಹೊಸತು. ಇರುವುದೆಲ್ಲ ಇದೆ, ಬರಬೇಕಾದದ್ದು ಬರುವುದಿಲ್ಲ. ಜಗತ್ತಿನ ಬಾಗಿಲು ಒಳಗಿನಿಂದಲ್ಲ, ಹೊರಗಿನಿಂದ ಹಾಕಿಹೋಯಿತು.

ವಾಪಸು ಬಸ್ಸಿನಲ್ಲಿ ಗಣಪತಿ ನಗಿಸಲಿಲ್ಲ. ಸಿದ್ದಾಪುರ ಹತ್ತಿರ ಬಂದಾಗ, "ಹಳೆ ಹಾಡು ಇದ್ದಲಾ ಮಾರಾಯಾ, ನಂಗಕ್ಕಿಗೆ, ಮುದುಕ್ರಿಗೆ, ಅಷ್ಟೇ ಸಾಕು" ಅಂದ. ಒಳ್ಳೆಯ ಮನಸ್ಸಿನಿಂದಲೇ ಅಂದ. ನನಗೆ ಅವನನ್ನು ಬಸ್ಸಿನಿಂದ ತಳ್ಳಬೇಕು ಅನ್ನಿಸಿತು.

ಚೈತ್ರಾ ಮಾತ್ರ ಡಾಕ್ಟರ ಮಾತು ನಂಬಲಿಲ್ಲ. ನಾಲ್ಕೈದು ದಿನ ಕಳೆದ ಮೇಲೆ ಒಂದು ಮಧ್ಯಾಹ್ನ ನನ್ನನ್ನು ಜಗುಲಿಯಲ್ಲಿ ಕೂರಿಸಿ ಮೊಬೈಲಿನಿಂದ ಒಂದು ಹಳೆಯ ಹಾಡು ಹಾಕಿದಳು. ಹೆಣ್ಣು ಕಳಿಸಿಕೊಡುವಾಗ ನಾನು ಎಷ್ಟೋ ಅಂಗಳಗಳಲ್ಲಿ ಹಾಕಿದ ಹಾಡು. ಬಂತು ನೋಡಿ! ಆ ದನಿಯ ನಡುಕ, ಸಾಲಿನ ಕೊನೆಯಲ್ಲಿ ಎಳೆಯುವ ಉಸಿರು, ಹಿಂದೆ ಕೊಳಲು, ಒಂದೊಂದೂ ಬಂತು. ನಾನು ಕೂಡಿ ಹಾಡಿದೆ, ತೊಡೆ ತಟ್ಟಿದೆ, ಕಣ್ಣಲ್ಲಿ ನೀರು ಬಂತು. ಕಿವಿ ತಿರುಗಿ ಬಂತೇನೋ ಅಂದುಕೊಂಡೆ.

"ಯಾರ ದನಿ ಅಜ್ಜ?" ಅಂತ ಕೇಳಿದಳು.

ಹೇಳಿದೆ. ಆ ದನಿಯ ಹೆಸರು ಗೊತ್ತಿಲ್ಲದವರು ಯಾರಿದ್ದಾರೆ?

ಅವಳು ಮೊಬೈಲನ್ನು ಮಡಿಲಿಗೆ ಮಗುಚಿ ಇಟ್ಟಳು. "ಇದು ನಾ ಹಾಡಿದ್ದು ಅಜ್ಜ. ನಿನ್ನೆ. ಕೊಳಲೂ ಇಲ್ಲ ಇದ್ರಲ್ಲಿ, ಏನೂ ಇಲ್ಲ. ಬರೀ ನನ್ನ ದನಿ."

ಅವಳಿಗೆ ಆ ಮಾತು ಹೇಳಿದ್ದಕ್ಕೆ ಪಶ್ಚಾತ್ತಾಪವಾಯಿತೇನೋ, ತಟ್ಟನೆ ನನ್ನ ಕೈ ಹಿಡಿದಳು. ನಾನು ನಕ್ಕು, "ಅಂದ್ರೆ ಅಷ್ಟು ಚಲೋ ಹಾಡ್ತೀಯಾ ಅಂತಾಯ್ತಲ್ಲೇ" ಅಂದೆ. ಇಬ್ಬರೂ ನಕ್ಕೆವು. ನನ್ನ ಪಕ್ಕದಲ್ಲೇ ಕೂತ ನನ್ನ ಸ್ವಂತ ಮೊಮ್ಮಗಳು ಹಾಡಿದ್ದು ನನಗೆ ಮುಟ್ಟಿರಲಿಲ್ಲ. ಅವಳ ದನಿಯ ಜಾಗದಲ್ಲಿ ನಾನು ಇನ್ನಾರನ್ನೋ ಕೂರಿಸಿಕೊಂಡು ಸುಖವಾಗಿ ಅಳುತ್ತಿದ್ದೆ. ಅವತ್ತಿನಿಂದ ನನಗೆ ಹಳೆಯ ಹಾಡು ಬೇಡವಾಯಿತು. ಕೇಳುತ್ತಿರುವುದು ಹಾಡೋ, ನನ್ನ ತಲೆಯೋ, ಯಾರು ಹೇಳಬೇಕು?

ಮಗ ಹಟ ಮಾಡಿ ಕಿವಿಗೆ ಮಶೀನು ಹಾಕಿಸಿದ. ಅದನ್ನು ಹಾಕಿಕೊಂಡು ಹೊರಗೆ ಬಂದ ದಿನ ಏನೇನೆಲ್ಲ ಕೇಳಿತು! ನನ್ನದೇ ಚಪ್ಪಲಿ ಇಷ್ಟು ಸದ್ದು ಮಾಡುತ್ತದೆಯೇ? ಗಿರಿಜೆ ಅಕ್ಕಿ ಆರಿಸುವಾಗ ಮೊರದಲ್ಲಿ ಚಿರ್ ಚಿರ್ ಅನ್ನುತ್ತದೆ, ಅದು ಮರೆತೇ ಹೋಗಿತ್ತು. ನಾನು ಮಗುವಿನ ಹಾಗೆ ಎಲ್ಲವನ್ನೂ ಅಲ್ಲಾಡಿಸಿ, ತಟ್ಟಿ, ಹರಿದು ನೋಡಿದೆ. ಆದರೆ ಹಾಡು ಹಾಕಿದರೆ ತಗಡಿನ ಡಬ್ಬದಲ್ಲಿ ಗೋಲಿ ಅಲ್ಲಾಡಿಸಿದ ಹಾಗೆ. ಚೈತ್ರಾ ತನ್ನ ಆ ಹಾಡನ್ನು ಹತ್ತಿರ ಕೂತು, ದೂರ ಕೂತು, ಮೆಲ್ಲಗೆ, ಜೋರಾಗಿ, ಎಲ್ಲ ಥರ ಹಾಡಿದಳು. ಮಾತು ಮಾತಾಗಿ ಬಂತು. ಧಾಟಿ ಬರಲಿಲ್ಲ. ಎಲ್ಲಿ ಏರಿತು, ಎಲ್ಲಿ ಇಳಿಯಿತು, ಹಿಡಿಯಲು ಹೋದರೆ ಕೈಗೆ ಬಾಲ ಮಾತ್ರ ಸಿಕ್ಕಿ ಜಾರುತ್ತಿತ್ತು. "ಡಾಕ್ಟ್ರು ಮೊದ್ಲೇ ಅಂದಿದ್ರು, ಇದು ಮಾತಿಗೆ, ಹಾಡಿಗಲ್ಲ ಅಂತ" ಅಂದ ಮಗ. ನಾನು ಅದನ್ನು ಡಬ್ಬದಲ್ಲಿಟ್ಟೆ, ಈಗ ಬಂದವರ ಜತೆ ಮಾತಿಗೆ ಕೂರುವಾಗ ಹಾಕಿಕೊಳ್ಳುತ್ತೇನೆ.

ಮಳೆ ಹಿಡಿಯುವ ಮೊದಲು, ಆ ಬೇಸಿಗೆಯ ಕೊನೆಯ ವಾರ, ಗಣಪತಿ ಜಗುಲಿಗೆ ಬಂದಿದ್ದ. ಚೈತ್ರಾ ಒಳಗೆ ತನ್ನ ಹಾಡು ಹಾಡಿಕೊಳ್ಳುತ್ತಿದ್ದಾಳೆ ಅಂತ ಅವನ ಮುಖದಿಂದ ತಿಳಿಯಿತು. ಅವನ ಕಿವಿ ನಾಯಿಯ ಕಿವಿಗಿಂತ ಚುರುಕು, ಮೂರು ಮನೆಯಾಚೆ ಕಾಯಿ ಬಿದ್ದದ್ದು ಹೇಳುತ್ತಾನೆ. ನಾನು ಚಹಾದ ಲೋಟ ಅವನ ಕೈಗೆ ಕೊಡದೆ ಹಿಡಿದೇ ಕೂತೆ. "ಹೆಗಡೆ, ಸರಿಯಾಗಿ ಕೇಳು. ಹ್ಯಾಂಗೆ ಹೋಗ್ತದೆ ಅಂತ ನಂಗೆ ಹೇಳು."

ಅವನು ಪಾಪ ತಲೆ ಓರೆ ಮಾಡಿ ಕೇಳಿದ. ಹಾಡು ಮುಗಿದಿರಬೇಕು, ನನ್ನ ಕೈಯಿಂದ ಲೋಟ ತೆಗೆದುಕೊಂಡ. "ಚಲೋ ಇತ್ತಪ."

"ಚಲೋ ಅಂದ್ರೆ? ಮೇಲೆ ಎಲ್ಲಿ ಹೋಗ್ತದೆ? ಕೊನೆಗೆ ಹ್ಯಾಂಗೆ ನಿಲ್ತದೆ?"

"ಈಗಿನ ಹುಡುಗ್ರ ಹಾಡು ಅಲ್ದಾ, ನಂಗೆ ತಿಳತ್ತಿಲ್ಲೆ."

"ಒಂದು ಸಾಲು ಗುನುಗು ಮಾರಾಯಾ, ಬಾಯಿ ನೋಡ್ತೆ."

ಅವನು ಚಹಾ ಗುಟುಕರಿಸಿ ಬಹಳ ಯೋಚನೆ ಮಾಡಿದ. "ಮರ್ತೇ ಹೋತಲೋ" ಅಂದ.

ಚಹಾ ಆರುವುದರೊಳಗೆ ಮರೆತಿದ್ದ. ಎರಡು ಗಟ್ಟಿ ಕಿವಿ ಇಟ್ಟುಕೊಂಡು, ಒಂದರಲ್ಲಿ ಬಂದದ್ದನ್ನು ಇನ್ನೊಂದರಲ್ಲಿ ಬಿಟ್ಟು, ಬಿಸ್ಕೀಟು ಅದ್ದಿಕೊಂಡು ತಿನ್ನುತ್ತಿದ್ದ. ಅವನ ಮೇಲೆ ನನಗೆ ಬಂದ ಸಿಟ್ಟಿಗೆ ಅರ್ಥವಿಲ್ಲ, ಅವನದೇನೂ ತಪ್ಪಿಲ್ಲ. ಆದರೂ ನಾನು ಎದ್ದು ಹಿತ್ತಿಲಿಗೆ ಹೋದೆ. ಬಾಳೆಯ ಬುಡದಲ್ಲಿ ನಿಂತು ಅತ್ತೆ. ನನ್ನ ಅಳು ನನಗೆ ಚೆನ್ನಾಗಿ ಕೇಳುತ್ತಿತ್ತು, ಅದು ದಪ್ಪ ದನಿ.

ಕಸುಬು ನಿಲ್ಲಿಸಿದೆ, ಬಾಕ್ಸುಗಳನ್ನು ಯಲ್ಲಾಪುರದ ಹುಡುಗರು ಕೊಂಡು ಒಯ್ದರು. ಅವರು ಬಂದು ಗಾಡಿಗೆ ತುಂಬುವಾಗ ಯಾವ ಗುಂಡಿ ಯಾವುದಕ್ಕೆ ಅಂತ ಹೇಳಿಕೊಟ್ಟೆ. ಟ್ರೆಬಲ್ಲಿನ ಬಗ್ಗೆ ಮಾತ್ರ ನೀವೇ ಕೇಳಿ ಇಟ್ಟುಕೊಳ್ಳಿ ಅಂದೆ.

ಈಗ ಮತ್ತೆ ಬೇಸಿಗೆ. ಮಂಚಿಕೇರಿಯ ತೊಟ್ಟಿಲ ಊಟ ಮುಗಿಸಿ ಬಂದ ಎರಡು ದಿನಕ್ಕೆ ಚೈತ್ರಾ ಇನ್ನೊಂದು ಹಾಡು ಕಟ್ಟಿ ಮುಗಿಸಿದಳು. ಬೆಳಿಗ್ಗೆ ಜಗುಲಿಗೆ ಬಂದು ನನ್ನ ಮುಂದೆ ಕೂತು ಹಾಡಿದಳು. ನಾನು ಹುಬ್ಬು ಏರಿಸಿದೆ, ತಲೆದೂಗಿದೆ. ಅವಳು ಮುಗಿಸಿ ನನ್ನ ಕೈಮೇಲೆ ಕೈ ಇಟ್ಟಳು. ಹ್ಯಾಂಗೆ ಅಂತ ಕೇಳಲಿಲ್ಲ. ಎದ್ದು ಮೆಟ್ಟಿಲ ಮೇಲೆ ಹೋಗಿ ಕೂತು ಅದನ್ನೇ ಮೊಬೈಲಿನಲ್ಲಿ ಯಾರಿಗೋ ಕಳಿಸಿದಳು. ಕಳಿಸಿ ಕಾದಳು. ಉಗುರು ಕಚ್ಚುತ್ತಿದ್ದಳು. ಎದ್ದಳು, ಕೂತಳು, ಮೊಬೈಲು ಒರೆಸಿದಳು, ಗಿರಿಜೆ ದೋಸೆಗೆ ಕರೆದರೂ ಹೋಗಲಿಲ್ಲ. ನಾನೂ ಕಾದೆ. ಅವಳ ಬೆನ್ನು ನೋಡುತ್ತ ಕೂತವನಿಗೆ ಉಸಿರು ಬಿಡಲೂ ಹೆದರಿಕೆಯಾಗುತ್ತಿತ್ತು.

ಮೊಬೈಲು ಮಿನುಗಿತು. ಅವಳು ಅದನ್ನು ಕಿವಿಗೆ ಒತ್ತಿಕೊಂಡಳು. ಆಮೇಲೆ ಜಿಗಿದಳು ನೋಡಿ, ಐದು ವರ್ಷದವಳ ಹಾಗೆ ಎರಡೂ ಕಾಲು ಎತ್ತಿ ಜಿಗಿದಳು. ಓಡಿಬಂದು ನನ್ನ ಕುತ್ತಿಗೆಗೆ ಜೋತುಬಿದ್ದು ಕಿವಿಯ ಹತ್ತಿರ ಕೂಗಿದಳು, "ಅಜ್ಜ! ಭಾರೀ ಚಲೋ ಆಗಿದ್ಯಂತೆ!"

"ಹೌದನೇ!" ಅಂದೆ. ಎದ್ದು ಚಪ್ಪಲಿ ಮೆಟ್ಟಿದೆ. ಪೇಟೆಗೆ ಹೋದೆ, ಹಾಲಿನವನಿಗೆ ಹೇಳಿದೆ, ಸೈಕಲ್ ಅಂಗಡಿಯವನಿಗೆ ಹೇಳಿದೆ, ಬಸ್ಸಿಗೆ ಕಾಯುತ್ತಿದ್ದ ಗುರುತಿಲ್ಲದ ಹೆಂಗಸೊಬ್ಬಳನ್ನು ನಿಲ್ಲಿಸಿಯೂ ಹೇಳಿದೆ. ನನ್ನ ಮೊಮ್ಮಗಳು ಹೊಸದೊಂದು ಹಾಡು ಕಟ್ಟಿದ್ದಾಳಮ್ಮ, ಬಹಳ ಚೆನ್ನಾಗಿದೆಯಂತೆ.